ಇಪ್ಪತ್ತೆಂಟು ದಿನದ ತಿಂಗಳು

ಮುಳಗುಂದ ನಾಕಾದಾಗ ದಾವಲಸಾಬನ ಅಂಗಡಿ ಅಂದ್ರ
ಎರಡು ಮಾರು ಜಾಗ, ಒಂದು ಗಾಜಿನ ಪೆಟಗಿ.
"ಹುಡುಗಿ ಧಾರವಾಡಕ್ಕ ಹೊಂಟಾಳ, ಬಿಎಸ್ಸಿ," ಅಂತ
ಅವ ಕೇಳದಿದ್ರೂ ಹೇಳಿದ್ಳು ಅವ್ವ.
"ಸೋವಿ ಯಾವುದೈತಿ ತೋರಸು."

ಅಂಗಡ್ಯಾಗ ಪತ್ತಲ ಬಿಚ್ಚಿ ಹಾಕಿದಾಂಗ
ಒಂದೊಂದ ಬಿಚ್ಚಿದ ಅವನು:
ಇದು ದಿನಕ್ಕ ಒಂದೂವರಿ ಜಿಬಿ, ಇದು ಎರಡು,
ಇದರಾಗ ಬರೇ ಮಾತು, ನೆಟ್ ಇಲ್ಲ,
ಇದಕ್ಕ ಸಿನಿಮಾ ಪುಕ್ಕಟ—
"ಸಿನಿಮಾ ಬ್ಯಾಡ."
ಅದೊಂದನ್ನ ಮಡಚಿಟ್ಟ.

"ಒಂದೂವರೀದು ತಿಂಗಳಿಗೆ ಎಷ್ಟ?"
"ಎರಡನೂರಾ ತೊಂಬತ್ತೊಂಬತ್ತು."
"ತಿಂಗಳಂದ್ರ?"
"ಇಪ್ಪತ್ತೆಂಟ ದಿನ, ಅಕ್ಕಾ."

ಅವ್ವ ಸುಮ್ಮನಾದ್ಳು.
ಮನಿ ಬಾಡಿಗಿಗೆ ತಿಂಗಳಂದ್ರ ಒಂದನೇ ತಾರೀಖು,
ಹಾಲಿನಾಕಿಗೆ ಅಮಾಸಿಯಿಂದ ಅಮಾಸಿ,
ಖಾನಾವಳಿ ಬಸಲಿಂಗಕ್ಕಗ
ಪಗಾರ ಕೊಡೂ ಮನಸ್ಸು ಬಂದಾಗ.
"ಇದ್ಯಾವ ಪಂಚಾಂಗಪಾ ನಿಂದು?
ಅಧಿಕ ಮಾಸನೂ ಮೂರ ವರ್ಷಕ್ಕೊಮ್ಮೆ ಬರತೈತಿ,
ನಿಂದು ವರ್ಷಾ ವರ್ಷಾ ಹದಿಮೂರು!"
ನಾ ಗಣಿತದಾಗ ತೊಂಬತ್ತಾರು ತೊಗೊಂಡಾಕಿ,
ಬೆರಳ ಮಡಚೂದ್ರಾಗ ಆಕೀದು ಮುಗದಿತ್ತು:
"ಮತ್ತ ಒಂದ ದಿನ ಉಳೀತೈತಿ. ಆ ದಿನ ಮೌನ ಹಿಡಿ."

"ಎಂಬತ್ನಾಕ ದಿನದ್ದೂ ಐತಿ," ಅಂದ ದಾವಲ,
"ಏಳನೂರಾ ತೊಂಬತ್ತೊಂಬತ್ತು. ಒಮ್ಮೆಲೆ ಕೊಡಬೇಕು."

ಅವ್ವನ ಲೆಕ್ಕ ರೂಪಾಯ್ದಾಗ ನಡಿಯೂದಿಲ್ಲ.
ಖಡಕ್ ರೊಟ್ಟಿ ಒಂದಕ್ಕ ಎರಡು ರೂಪಾಯಿ ಕೂಲಿ,
ದಿನಕ್ಕ ನೂರಾ ಇಪ್ಪತ್ತು, ಮೊಣಕೈ ಮಾತ ಕೇಳಿದ್ರ.
ನಾನೂರು ಬಡದ್ರ ಎಂಬತ್ನಾಕ ದಿನ.
ಅದನ್ನ ಮೂರ ಸಲ ಹಾಕಿಸಿದ್ರ
ಮ್ಯಾಲ ನಲವತ್ತೊಂಬತ್ತು ಬಡೀಬೇಕು.
"ಆ ನಲವತ್ತೊಂಬತ್ತು ರೊಟ್ಟಿ
ಕಂಪನ್ಯಾವಗ ನಾ ಯಾಕ ಉಣಸಲಿ?"

ಆರನೂರು ಇಟ್ಳು ಗಾಜಿನ ಮ್ಯಾಲ.
ಉಳಿದದ್ದು ಆಯ್ತವಾರ.
ದಾವಲ ನನ್ನ ನೋಡಿದ, ಆಕಿನ್ನ ನೋಡಿದ,
ವಹಿ ತಗದು ಬರಕೊಂಡ: ಫಕೀರವ್ವ, ಬೆಟಗೇರಿ, ೧೯೯.

ಮೆಟ್ಟಲ ಇಳಿಯೂ ಮುಂದ ಹೇಳಿದ,
"ದಿನದ್ದು ದಿನಾನ ಖರ್ಚಾಗಬೇಕ ನೋಡ್ರಿ.
ರಾತ್ರಿ ಹನ್ನೆರಡಕ್ಕ ಉಳದ್ರ ಹೋತು."
"ಹೋತು? ಎಲ್ಲಿಗೆ?"
ಅದು ಅವಗೂ ಗೊತ್ತಿರಲಿಲ್ಲ, ನನಗೂ.
ಟಾಂಗಾಕೂಟ ದಾಟೂತನಕ
ಅವ್ವ ಅದನ್ನ ಅಂದಕೊಂಡ ನಡದ್ಳು.
ಆಕಿ ರೊಟ್ಟಿ ತಿಂಗಳಿಟ್ರೂ ಕೆಡೂದಿಲ್ಲ,
ಮೂವತ್ತೊಂದರ ತಿಂಗಳು.

ಈಗ ಸಪ್ತಾಪುರದಾಗ ನನ್ನ ರೂಮು.
ಹಗಲೆಲ್ಲಾ ಕಾಲೇಜಿನ ವೈಫೈ,
ನಂದು ಹಾಂಗ ಉಳೀತೈತಿ.
ಹನ್ನೊಂದೂಕಾಲಕ್ಕ ಗದಗಿನಾಗ ಖಾನಾವಳಿ ಬಾಗಲಾ ಹಾಕತಾರ,
'ಇಂದು ನಗದು ನಾಳೆ ಉದ್ರಿ' ಅನ್ನೂ ಹಲಗಿ ಕೆಳಗ
ಸೀಮೆಸುಣ್ಣದಾಗ ಬಸಲಿಂಗಕ್ಕನ ವೈಫೈ ನಂಬರು.
ವಿಡಿಯೋ ಹಚ್ಚತಾಳ ಅವ್ವ.

"ಇವತ್ತ ಎಷ್ಟ ಉಳದೈತಿ?"
"ಅರ್ಧಾ."
"ಹಾಳ ಮಾಡಬ್ಯಾಡ."

ಹಿಟ್ಟಿನ ಡಬ್ಬಿಗೆ ಆನಿಸಿ ಇಡತಾಳ ಫೋನು.
ಮಾರಿ ಕಾಣೂದಿಲ್ಲ. ಎರಡು ಕೈ,
ಇಪ್ಪತ್ತೈದರ ಒಂದೊಂದ ಸಿವುಡು, ನಡುವ ಪೇಪರು,
ಒಮ್ಮೊಮ್ಮೆ ಬರೇ ಟ್ಯೂಬಲೈಟು.
ಈ ಕಡೆ ನನ್ನ ಕ್ಯಾಲ್ಕುಲಸ್ಸು, ನನ್ನ ಪೆನ್ನು.
ಆಕಿ ಎಣಸೂದು ನನಗ ಕೇಳತೈತಿ,
ನಾ ಹಾಳಿ ತಿರವೂದು ಆಕಿಗೆ.

"ದಿನಾ ಏನ ಮಾತಾಡತೀರೇ ಅಷ್ಟೊತ್ತು?"
ಶಿಗ್ಗಾಂವಿ ಹುಡುಗಿ ಹೊದಿಕಿ ಒಳಗಿಂದ ಕೇಳತಾಳ.
"ಮಾತಲ್ಲ, ಖರ್ಚ ಮಾಡಾಕತ್ತೇವಿ."

ಹನ್ನೆರಡಕ್ಕ ಒಂದ ನಿಮಿಷ ಇರೂ ಮುಂದ
ಹಿಟ್ಟು ಹತ್ತಿದ ಹೆಬ್ಬೆರಳು ದೊಡ್ಡದಾಗತಾ ಬರತೈತಿ,
ಇಡೀ ಪರದೆ ತುಂಬತೈತಿ.
"ಸಾಕಿನ್ನ. ಇದರ ಮ್ಯಾಲ ನಾಳಿದ್ದಕ್ಕ ಕೈ ಹಾಕಿದಾಂಗ,"
ಅಂತಾಳ, ಇಡತಾಳ.